ಕೌದಿಯೊಳಗಿಂದ ನಾಲ್ಕು ತಾಲೂಕಿಗೆ

"ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಕ್ ತಾಲೂಕಿನಾಗ ಕಲ್ಮೇಶಗ 'ಇಲ್ಲ' ಅನ್ನಾವ್ರು ಇನ್ನಾ ಹುಟ್ಟಿಲ್ಲ."

ಕಲ್ಮೇಶ ಸಾಹುಕಾರ ಈ ಮಾತನ್ನು ಚಹಾ ಕುಡಿಯುವ ಮೊದಲು ಒಮ್ಮೆ, ಕುಡಿದ ಮೇಲೆ ಒಮ್ಮೆ ಹೇಳುತ್ತಿದ್ದ. ಚಹಾ ಬರುವುದು ತಡವಾದರೆ ನಡುವೆ ಇನ್ನೊಮ್ಮೆ. ತನ್ನ ಹೆಸರನ್ನು ತಾನೇ ಮೂರನೆಯವರ ಹೆಸರಿನಂತೆ ಹೇಳಿಕೊಳ್ಳುವುದು ಅವನ ದೊಡ್ಡಸ್ತಿಕೆ. ಸಿಂದಗಿಯಿಂದ ಆಲಮೇಲದ ಹಾದಿ ಹಿಡಿದರೆ, ಊರು ಮುಗಿದು ಹೊಲ ಇನ್ನೂ ಶುರುವಾಗದ ಕಡೆ, ಜೋಳ ಬೆಳೆಯುತ್ತಿದ್ದ ಎರೆಭೂಮಿಯನ್ನು ತುಂಡು ತುಂಡು ಮಾಡಿ ಅವನು 'ನಂದನವನ ಲೇಔಟ್' ಎಂಬ ಬೋರ್ಡು ಹೊಡೆದಿದ್ದ. ಆ ನಂದನವನದಲ್ಲಿ ಹಸಿರೆಂಬುದು ಬೋರ್ಡಿನ ಬಣ್ಣದಲ್ಲಿ ಮಾತ್ರ ಇತ್ತು. ಎರಡೇ ಬೇಸಿಗೆಯಲ್ಲಿ ಬಿಸಿಲು ಅದನ್ನೂ ನೆಕ್ಕಿ ಮುಗಿಸಿತು. ಮಳೆಗಾಲದಲ್ಲಿ ಅಲ್ಲಿಯ ಮಣ್ಣು ಎಷ್ಟು ಪ್ರೀತಿಯಿಂದ ಕಾಲು ಹಿಡಿಯುತ್ತಿತ್ತೆಂದರೆ, ಪೋಸ್ಟಿನವನು ಬಿಟ್ಟುಹೋದ ಒಂದು ಚಪ್ಪಲಿ ಮುಂದಿನ ಹಂಗಾಮಿಗೆ ಮೊಳಕೆ ಒಡೆಯಿತೆಂದು ಹೇಳುವವರಿದ್ದಾರೆ. ದೀಪದ ಕಂಬಗಳಿದ್ದವು, ದೀಪ ಇರಲಿಲ್ಲ. ನಲ್ಲಿಗಳಿದ್ದವು, ತಿರುವಿದರೆ ಗಾಳಿ ಬಂದು ಒಂದು ಶಿಳ್ಳೆ ಹೊಡೆದು ಹೋಗುತ್ತಿತ್ತು.

ಆ ಶಿಳ್ಳೆ ಹೊಡೆಯುವ ನಲ್ಲಿಗಳ ಸಾಲಿನ ಕೊನೆಗೆ, ತಗಡಿನ ಪತ್ರಾಸಿನ ಮಾಡಿನ ಮನೆಯಲ್ಲಿ, ತರನ್ನುಮ ಇದ್ದಳು. ಅಯೂಬ ಮತ್ತು ಫಿರದೋಸರ ಒಬ್ಬಳೇ ಮಗಳು, ಪಿಯುಸಿ ಮೊದಲ ವರ್ಷ. ಚೊಚ್ಚಲ ಹೆರಿಗೆಗೆ ಮುದ್ದೇಬಿಹಾಳದ ತವರಿಗೆ ಹೋಗಿದ್ದ ಫಿರದೋಸ ಕೂಸನ್ನು ಎತ್ತಿಕೊಂಡು ಮರಳಿದಾಗ, ಅದು ಅಳದೇ ಇರುವುದನ್ನು ಕಂಡು ಅಯೂಬ ನಿಂತ ಗಡಿಯಾರವನ್ನು ಅಲುಗಿಸುವ ಹಾಗೆ ಅಲುಗಿಸಿ ನೋಡಿದ್ದನಂತೆ. ಕೂಸು ಕಣ್ಣು ಬಿಟ್ಟು ಅವನನ್ನು ನೋಡಿತು, ಸುಮ್ಮನಾಯಿತು. ಅಂದಿನಿಂದ ಸುಮ್ಮನೇ ಇತ್ತು.

ನಾಚಿಕೆಯ ಹುಡುಗಿಯರು ಎಲ್ಲ ಊರಲ್ಲೂ ಇರುತ್ತಾರೆ. ತರನ್ನುಮಳದು ಅವರೆಲ್ಲರ ನಾಚಿಕೆಯನ್ನು ಒಂದೇ ಪಾತ್ರೆಯಲ್ಲಿ ಕುದಿಸಿ ಗಟ್ಟಿ ಮಾಡಿದ ಪಾಕ. ಒಮ್ಮೆ ಉಪ್ಪು ತರಲು ಹೋದಾಗ ಅಂಗಡಿಯವನು ಸಕ್ಕರೆ ಕಟ್ಟಿಕೊಟ್ಟ. 'ಇದಲ್ಲ' ಎನ್ನಲಾಗದೆ ತಂದಳು. ಅಂದು ಸಾರು ಉಂಡ ಅಯೂಬ, ಯಾರ ಮನೆಯ ಮದುವೆಯಿಂದ ಬಂತು ಎಂದು ಕೇಳಿದ. ಕಾಲೇಜಿನಲ್ಲಿ ಹೆಸರು ಕೂಗಿದಾಗ ಅವಳ 'ಹಾಜರ್ ಸರ್' ಹಲ್ಲಿನ ತನಕ ಬಂದು ಹಿಂದಿರುಗುತ್ತಿತ್ತು. ಹೀಗಾಗಿ ವರ್ಷವಿಡೀ ಗೈರುಹಾಜರಿದ್ದು ಪರೀಕ್ಷೆಯಲ್ಲಿ ಮೊದಲು ಬಂದ ಏಕೈಕ ವಿದ್ಯಾರ್ಥಿನಿ ಎಂಬ ಕೀರ್ತಿ ಅವಳದು. ಬಸ್ಸಿನಲ್ಲಿ 'ಇಲ್ಲೇ ಇಳಿಯುತ್ತೇನೆ' ಎನ್ನಲಾಗದೆ ಆಲಮೇಲದ ತನಕ ಹೋಗಿ, ಅದೇ ಬಸ್ಸಿನಲ್ಲಿ ಮರಳುವಾಗ ಮತ್ತೆ ಹೇಳಲಾಗದೆ ಸಿಂದಗಿಯ ನಿಲ್ದಾಣಕ್ಕೇ ಬಂದು ಇಳಿದು, ಅಲ್ಲಿಂದ ನಡೆದು ಮನೆ ಸೇರಿದ್ದೂ ಉಂಟು.

ಇದಕ್ಕೆ ನಕ್ಕು ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಜನಕ್ಕೊಂದು ಚಟವಿದೆ. ಸುಮ್ಮನಿರುವವರನ್ನು ಕಂಡರೆ, ಅವರ ಬಾಯಿಯನ್ನು ಖಾಲಿ ಬಿದ್ದ ಸೈಟೆಂದು ತಿಳಿದು ತಮ್ಮ ಕಲ್ಲು ನೆಟ್ಟುಬಿಡುತ್ತಾರೆ. ಅವಳಿಗೆ ಗುಲಾಬಿ ಬಣ್ಣ ಇಷ್ಟವೆಂದು ಚಿಕ್ಕಮ್ಮ ಅಬಿದಾ ಸಾರಿದಳು. ಕಣ್ಣಿಗೆ ವಾಕರಿಕೆ ಬರುವಷ್ಟು ಗುಲಾಬಿ ಬಟ್ಟೆ ಬಂದು ಬಿದ್ದವು. ಅವಳಿಗೆ ವಿಜ್ಞಾನ ಆಗಿಬರುವುದಿಲ್ಲವೆಂದು ಕಾಲೇಜಿನವರು ಅವಳನ್ನು ಕೇಳದೇ ನಿರ್ಧರಿಸಿದರು. ಈ ಹುಡುಗಿಗೆ ಸಿಟ್ಟೇ ಬರುವುದಿಲ್ಲ ಎಂದು ಲೇಔಟಿನ ಹೆಂಗಸರೆಲ್ಲ ಹೊಗಳಿದರು. ಬಹಳ ದಿನ ಅವಳೂ ಅದನ್ನು ನಂಬಿದ್ದಳು. ಸಿಟ್ಟು ಬರುವುದಿಲ್ಲವೆಂದು ಇನ್ನೊಬ್ಬರ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲು ಇವರಿಗೆ ಅಧಿಕಾರ ಕೊಟ್ಟವರು ಯಾರೋ, ಆ ಪುಣ್ಯಾತ್ಮರನ್ನು ಒಮ್ಮೆ ನೋಡಬೇಕು.

ಇಂಥವಳ ಅಪ್ಪ ಅಯೂಬ ಮೈಕಿನ ಆಟೋ ಓಡಿಸುವವನು. ಆಟೋದ ಮಾಡಿನ ಮೇಲೆ ಎರಡು ಭೋಂಗಾ ಸ್ಪೀಕರು ಕಟ್ಟಿಕೊಂಡು, ಎಮ್ಮೆ ಕಳೆದದ್ದು, ಕಣ್ಣಿನ ತಪಾಸಣೆ ಇರುವುದು, ಹಿರಿಯರು ತೀರಿಕೊಂಡದ್ದು, ಸೀರೆ ಅಗ್ಗವಾದದ್ದು ಎಲ್ಲವನ್ನೂ ಊರೂರಿಗೆ ಸಾರುವ ಕೆಲಸ. ಹಿಂದೆ ಎಲ್ಲವನ್ನೂ ತನ್ನ ಗಂಟಲಿನಿಂದಲೇ ಕೂಗುತ್ತಿದ್ದ. ಒಂದು ಚುನಾವಣೆಯಲ್ಲಿ ಬೆಳಿಗ್ಗೆ ಒಬ್ಬ ಉಮೇದುವಾರನಿಗೆ ಜಯಕಾರ ಹಾಕಿ, ಮಧ್ಯಾಹ್ನ ಅವನ ಎದುರಾಳಿಗೆ ಹಾಕಿ, ಸಂಜೆ ಇಬ್ಬರನ್ನೂ ಬಯ್ಯುವ ಮೂರನೆಯವನಿಗೆ ಹಾಕಿ ಮನೆಗೆ ಬಂದು ಮಲಗಿದ. ಮರುದಿನ ಬಾಯಿ ತೆರೆದರೆ, ಯಾವ ಪಕ್ಷಕ್ಕೆ ಸೇರಬೇಕೆಂದು ತಿಳಿಯದ ಗಂಟಲು ರಾಜೀನಾಮೆ ಕೊಟ್ಟಿತ್ತು. ಉಳಿದದ್ದು ಕಪ್ಪೆಯ ವಟವಟ.

ಅಂದು ಯಾರದೋ ಎಮ್ಮೆ ಕಳೆದಿತ್ತು, ಪ್ರಚಾರ ಒಪ್ಪಿಕೊಂಡಾಗಿತ್ತು. ಮಾತನ್ನು ರೆಕಾರ್ಡು ಮಾಡಲು ಅಪ್ಪ ಮೊಬೈಲಿನ ಮುಂದೆ ಕುಳಿತು ಒದ್ದಾಡುವುದನ್ನು ನೋಡಲಾಗದೆ ತರನ್ನುಮ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಹಾಸಿಗೆಯ ಮೇಲಿದ್ದ ಕೌದಿಯನ್ನು ತಲೆತುಂಬ ಹೊದ್ದು ಕುಳಿತಳು. ಅವ್ವನ ಹಳೆಯ ಸೀರೆ, ಅಪ್ಪನ ಲುಂಗಿ, ತನ್ನದೇ ಶಾಲೆಯ ಅಂಗಿ, ಎಲ್ಲ ಪದರು ಪದರಾಗಿ ಸೇರಿಸಿ ಹೊಲಿದ ಆ ದಪ್ಪ ಕೌದಿಯೊಳಗೆ ಪತ್ರಾಸಿನ ಸದ್ದು ಬರುತ್ತಿರಲಿಲ್ಲ, ಗಾಳಿ ಬರುತ್ತಿರಲಿಲ್ಲ, ಮುಖ್ಯವಾಗಿ ಯಾರ ಕಣ್ಣೂ ಬರುತ್ತಿರಲಿಲ್ಲ. ಮುದ್ದೇಬಿಹಾಳದಿಂದ ಬಂದಂದಿನಿಂದ ಒಳಗೇ ಕುಳಿತಿದ್ದ ಧ್ವನಿ ಅಲ್ಲಿ ಹೊರಗೆ ಬಂತು. ಬೆವರು ಸುರಿಸುತ್ತ ಕೌದಿ ಸರಿಸಿ ಅವಳು ಮೊಬೈಲನ್ನು ಕೊಟ್ಟಾಗ, ಅದನ್ನು ಕೇಳಿದ ಫಿರದೋಸ ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಎದ್ದು ಹೋಗಲಿಲ್ಲ.

ಆ ಧ್ವನಿಯ ಪ್ರತಾಪ ಏನು ಹೇಳುವುದು! ಎಮ್ಮೆ ತಾನೇ ಕೇಳಿ ನಾಚಿಕೊಂಡು ಮನೆಗೆ ಬಂತು. ಇಂಡಿಯ ಲಿಂಬೆಹಣ್ಣಿನ ಪೇಟೆಯಲ್ಲಿ ಆಟೋ ಹಾದುಹೋದರೆ ತಕ್ಕಡಿಗಳು ತಾವಾಗಿ ನೆಟ್ಟಗೆ ನಿಲ್ಲುತ್ತಿದ್ದವು. ಬಸವನ ಬಾಗೇವಾಡಿಯಲ್ಲಿ ತನ್ನದೇ ಹೆಸರಿನ ಇನ್ನೊಬ್ಬರ ಸಾವಿನ ಸುದ್ದಿ ಕೇಳಿದ ಮುದುಕನೊಬ್ಬ, ಇಷ್ಟು ಚಂದ ಹೇಳಿದ ಮೇಲೂ ಬದುಕಿರುವುದು ಮರ್ಯಾದೆಯಲ್ಲವೆಂದು ಎರಡು ದಿನ ಹಾಸಿಗೆ ಹಿಡಿದನಂತೆ. ಧ್ವನಿ ಯಾರದೆಂದು ಎಲ್ಲರೂ ಕೇಳುವವರೇ. ಯಾರಿಗೂ ಹೇಳಕೂಡದೆಂಬ ಷರತ್ತಿನ ಮೇಲೆ ಮಾತ್ರ ಕೌದಿ ಹೊದೆಯುತ್ತಿದ್ದ ಮಗಳ ಮುಖ ನೋಡಿ ಅಯೂಬ, ಪುಣೆಯಿಂದ ತರಿಸುತ್ತೇನೆ ಎಂದುಬಿಟ್ಟ. ಜನ ನಂಬಿದರು. ಒಳ್ಳೆಯದೆಲ್ಲ ಬೇರೆ ಊರಿನಿಂದಲೇ ಬರಬೇಕೆಂದು ನಂಬುವವರಿಗೆ ಸುಳ್ಳು ಹೇಳುವುದು ಬಹಳ ಸುಲಭ.

ಕಲ್ಮೇಶನೂ ನಂಬಿದ. ಹೋದ ವರ್ಷ ಲೇಔಟಿನ ಎರಡನೆಯ ಭಾಗವನ್ನು ಮಾರಲು ಅವನಿಗೆ ಆ ಧ್ವನಿಯೇ ಬೇಕಾಯಿತು. ಹೇಳಬೇಕಾದ ಮಾತನ್ನು ತಾನೇ ಕುಳಿತು ಬರೆಸಿದ: "ನಂದನವನ ಬಡಾವಣೆ, ಸಿಂದಗಿ. ನಿಮ್ಮ ಮನೆಯ ಮುಂದೆಯೇ ಉದ್ಯಾನ. ನಡುವಿನ ಬಯಲು ಉದ್ಯಾನಕ್ಕೇ ಮೀಸಲು. ಇಲ್ಲಿ ಎಂದೆಂದಿಗೂ ಮನೆ ಏಳುವುದಿಲ್ಲ. ಇದು ಕಲ್ಮೇಶ ಸಾಹುಕಾರರು ಕೊಟ್ಟ ಮಾತು." ಇದನ್ನು ಒಪ್ಪಿಸಲು ಮನೆಗೆ ಬಂದವನಿಗೆ ತರನ್ನುಮ ಚಹಾ ತಂದುಕೊಟ್ಟಳು. ಅವಳು ತಲೆ ಬಗ್ಗಿಸಿ ನಿಂತದ್ದನ್ನು ನೋಡಿ ಅವನು, "ಅಯೂಬಾ, ನಿನ್ನ ಮಗಳಿಗೆ ದೇವ್ರು ಬಾಯಿ ಕೊಡೂದ ಮರತಾನ. ಆ ಪುಣಾದಾಕಿ ಕಡೆ ಒಂದ್ ತಿಂಗಳ ಬಿಡು, ಮಾತಾಡೂದ ಕಲೀಲಿ" ಎಂದ. ಅಯೂಬ ನೆಲ ನೋಡಿದ. ಫಿರದೋಸ ಒಳಗೆ ಪಾತ್ರೆಯನ್ನು ಬೇಕೆಂದೇ ಜೋರಾಗಿ ಇಟ್ಟಳು. ತರನ್ನುಮ ಖಾಲಿ ಕಪ್ಪು ಎತ್ತಿಕೊಂಡು ಹೋಗಿ, ಕೌದಿಯೊಳಗೆ ಕುಳಿತು, ಅವನ ಮಾತನ್ನು ಅವನಿಗಿಂತ ಹತ್ತು ಪಟ್ಟು ಚಂದವಾಗಿ ಹೇಳಿ ಕಳಿಸಿದಳು. ಸೈಟುಗಳೆಲ್ಲ ಹುರಿಗಡಲೆಯಂತೆ ಹೋದವು.

ಹಾಗೆ ಕೊಂಡು ಬಂದವರಲ್ಲಿ ಒಬ್ಬರು ಭಾಗೀರಥೀಬಾಯಿ. ದೇವಣಗಾಂವದಲ್ಲಿ ಮಾಸ್ತರಾಗಿದ್ದ ಗಂಡ ತೀರಿಕೊಂಡ ಮೇಲೆ, ಕೈಯ ಪಾಟ್ಲಿ ಬಳೆ ಮಾರಿ ಬಯಲಿಗೆ ಎದುರಾಗಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡಿದ್ದರು. ಉದ್ಯಾನ ಬರುವ ತನಕ ಕಾಯುವುದೇಕೆಂದು ತಾವೇ ಬಯಲಿನ ನಡುವೆ ಒಂದು ಬೇವಿನ ಸಸಿ ನೆಟ್ಟು, ಅದಕ್ಕೆ ಮುಳ್ಳಿನ ಬೇಲಿ ಕಟ್ಟಿ, ಅಕ್ಕಿ ತೊಳೆದ ನೀರು ಕುಡಿಸುತ್ತಿದ್ದರು. ಸಂಜೆ ತರನ್ನುಮ ತನ್ನ ಮನೆಯಿಂದಲೂ ಒಂದು ಕೊಡ ನೀರು ಹೊತ್ತು ತಂದು ಹಾಕುವುದು ರೂಢಿಯಾಯಿತು. ಬಾಯಿಯವರು ಮಾತಾಡುವರು, ಅರ್ಧ ಕನ್ನಡ, ಅರ್ಧ ಮರಾಠಿ. ಇವಳು ಕೇಳುವಳು. 'ನೀನೂ ಏನಾದರೂ ಹೇಳು' ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಜಗತ್ತಿನಲ್ಲಿ ಹಾಗೆ ಅನ್ನದೇ ಇದ್ದವರು ಅವರೊಬ್ಬರೇ ಆದ್ದರಿಂದ, ತರನ್ನುಮಳಿಗೆ ಆ ಬಯಲಿನಷ್ಟು ದೊಡ್ಡ ಜಾಗ ಬೇರೆ ಇರಲಿಲ್ಲ. ಸಸಿ ಅವಳ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಈ ಬೇಸಿಗೆಗೆ ಹೆಗಲಿಗೆ ಬಂದಿತ್ತು.

ಅಂಥ ಒಂದು ಸಂಜೆ ಅವಳು ಕೊಡ ಹೊತ್ತು ಬಂದಾಗ ಬಯಲ ತುಂಬ ಸುಣ್ಣದ ಗೆರೆಗಳಿದ್ದವು. ಕಲ್ಮೇಶನ ಆಳುಗಳು ಟೇಪು ಹಿಡಿದು ಅಳೆದು, ಸೈಟಿನ ಕಲ್ಲು ನೆಡುತ್ತಿದ್ದರು. ಒಂದು ಕಲ್ಲು ಬೇವಿನ ಬೇಲಿಯೊಳಗೇ ಕುಳಿತಿತ್ತು. ಉದ್ಯಾನವನ್ನೇ ಮಾರಲು ತೆಗೆದಿದ್ದ ಪುಣ್ಯಾತ್ಮ! ಊರಿಗೆ ಗಾಳಿ ಬೀಸುವ ಜಾಗವನ್ನು ಅಳತೆ ಮಾಡಿ ಮಾರುವವರು, ಆಕಾಶಕ್ಕೆ ಏಣಿ ಸಿಕ್ಕ ದಿನ ಚಂದ್ರನಿಗೂ ಕಾರ್ನರ್ ಸೈಟೆಂದು ಬೋರ್ಡು ಹಾಕುತ್ತಾರೆ. ಇವರನ್ನು ಕೇಳಬೇಕಾದ ಕಚೇರಿಗಳ ಬಾಗಿಲುಗಳಿಗೆ ಕೀಲೆಣ್ಣೆ ಹಾಕುವವರೂ ಇವರೇ ಆದ್ದರಿಂದ, ಅವು ತೆರೆಯುವಾಗ ಸದ್ದೂ ಆಗುವುದಿಲ್ಲ.

ಭಾಗೀರಥೀಬಾಯಿ ಕಟ್ಟೆಯ ಮೇಲೆ ಕುಳಿತಿದ್ದರು. ಅಂದು ಅವರ ಮಾತಿನಲ್ಲಿ ಮರಾಠಿಯೂ ಇರಲಿಲ್ಲ, ನಗುವೂ ಇರಲಿಲ್ಲ.

"ತಂಗಿ, ನಾ ಮಾರಿ ನೋಡಿ ಮೋಸ ಹೋಗಾಕಿ ಅಲ್ಲ. ಕಲ್ಮೇಶನ ಮಾರಿ ನೋಡಿದ್ರ ಒಂದ್ ಇಟ್ಟಂಗಿನೂ ಕೊಳ್ತಿದ್ದಿಲ್ಲ. ನಾ ಧ್ವನಿ ಕೇಳಿ ಮೋಸ ಹೋದೆ. ಆಟೋದಾಗಿನ ಆ ಹುಡುಗಿ, ಅಂಥಾ ಧ್ವನಿ ಸುಳ್ಳ ಹೇಳಂಗಿಲ್ಲ ಅಂತ ತಿಳಕೊಂಡೆ." ಸೆರಗಿನ ಅಂಚು ಮಡಚುತ್ತ, "ಅಕಿ ಎಲ್ಲಿದ್ದಾಳೋ. ಸಿಕ್ಕರ ಬಯ್ಯಂಗಿಲ್ಲ ನಾ. ಹೇಳೂಮುಂದ ನಿನಗ ಗೊತ್ತಿತ್ತೇನು ಅಂತ ಕೇಳ್ತೇನಿ, ಅಷ್ಟ" ಎಂದರು.

ತರನ್ನುಮಳ ಕೊಡದ ನೀರು ಅವಳ ಕಾಲ ಮೇಲೆಯೇ ಸುರಿಯುತ್ತಿತ್ತು. ಅದು ಮುಗಿಯುವ ತನಕ ಅವಳಿಗೆ ತಿಳಿಯಲಿಲ್ಲ. ಒಳಗಿನಿಂದ ಏನೋ ಏರಿ ಬಂತು. ಅದು ನಾಚಿಕೆಯಾಗಿದ್ದರೆ ಅವಳಿಗೆ ಗುರುತಿತ್ತು. ಇದು ಬೇರೆ ಇತ್ತು, ಬಿಸಿಯಾಗಿತ್ತು.

ಮರುದಿನ ಮಧ್ಯಾಹ್ನ ಅಯೂಬ ಹೊಸ ಮಾತು ತಂದ. ರವಿವಾರ ಬಯಲಿನಲ್ಲಿ ಪೆಂಡಾಲು ಹಾಕಿ ಬುಕಿಂಗ್ ಇದೆ, ಚಡಚಣದ ಕಡೆಯಿಂದ ದ್ರಾಕ್ಷಿ ಬೆಳೆಗಾರರು ಬರುತ್ತಿದ್ದಾರೆ, 'ಲೇಔಟಿನ ಹೃದಯಭಾಗದಲ್ಲಿ ಕೆಲವೇ ಸೈಟುಗಳು' ಎಂದು ಪುಣೆಯ ಧ್ವನಿಯಲ್ಲಿ ಹೇಳಿಸಬೇಕು. ತರನ್ನುಮ ಕೌದಿ ಹೊದ್ದು ಕುಳಿತಳು. ಫಿರದೋಸ ಬಗ್ಗಿ ನೋಡಿದರೆ ಮಗಳು ಮೊಬೈಲು ಹಿಡಿದು ಸುಮ್ಮನೆ ಕುಳಿತಿದ್ದಳು. ತರನ್ನುಮ ಕೌದಿಯನ್ನು ತಾನೇ ಸರಿಸಿ, "ಈ ಸಲ ನಾ ಹೇಳಂಗಿಲ್ಲ" ಎಂದಳು.

ಅಯೂಬನಿಗೆ ದಿಗಿಲಾಯಿತು. ಕಲ್ಮೇಶ ಬೆರಳು ಎತ್ತಿದರೆ ಅವನ ಆಟೋ ಯಾವ ಪೇಟೆಯೊಳಗೂ ಕಾಲಿಡುವಂತಿರಲಿಲ್ಲ. ತನ್ನ ವಟವಟ ಧ್ವನಿಯಲ್ಲೇ ಅವನು ಮಗಳಿಗೆ ತಿಳಿಹೇಳಿದ. ನಾವು ಸಾರುವವರೇ ಹೊರತು ಮಾಡುವವರಲ್ಲ ಎಂದ. "ಸತ್ತವರ ಸುದ್ದಿನೂ ಹೇಳ್ತೇವಿ. ಹಂಗಂತ ಅವರನ್ನ ನಾವ ಕೊಂದೇವೇನು?"

"ಸತ್ತವರ ಸುದ್ದಿ ಖರೇ ಇರ್ತೈತಿ, ಅಬ್ಬಾ."

ಕಲ್ಮೇಶನಿಗೆ ಏನು ಹೇಳಲಿ ಎಂದಷ್ಟೇ ಅಯೂಬ ಕೇಳಿದ. ತರನ್ನುಮ ಪೆಟ್ಟಿಗೆಯಿಂದ ಒಂದು ಪೆನ್‌ಡ್ರೈವ್ ತೆಗೆದು ಅವನ ಅಂಗೈಯಲ್ಲಿಟ್ಟಳು. ಹೋದ ವರ್ಷದ್ದು.

"ಅವರ ಮಾತ ಐತಿ. ಇದನ್ನ ಹಚ್ಚು. ನಾ ಹೊಸಾದು ಏನೂ ಸೇರಿಸಿಲ್ಲ."

ರವಿವಾರದ ತನಕ ಅಯೂಬ ಪುಣೆಯ ಹುಡುಗಿಗೆ ನೆಗಡಿ ತರಿಸಿದ, ಜ್ವರ ತರಿಸಿದ, ಕೊನೆಗೆ ಅವಳ ಅಜ್ಜಿಯನ್ನೂ ಕಾಯಿಲೆ ಬೀಳಿಸಿದ. ಇಲ್ಲದ ಹುಡುಗಿಯ ಇಲ್ಲದ ಅಜ್ಜಿಗಾಗಿ ಕಲ್ಮೇಶ ಸಂತಾಪ ಹೇಳಿ, ರವಿವಾರ ಮುಂಜಾನೆಯೊಳಗೆ ಬರದಿದ್ದರೆ ನೋಡು ಎಂದು ಕಣ್ಣು ಬಿಟ್ಟ. ರವಿವಾರ ಮುಂಜಾನೆ, ಬಂದಿದೆ ಎಂದು ಅಯೂಬ ತಲೆ ಆಡಿಸಿದ.

ಪೆಂಡಾಲಿನಲ್ಲಿ ಕುರ್ಚಿಗಳಿಗೆಲ್ಲ ಬಿಳಿಯ ಅಂಗಿ ತೊಡಿಸಿದ್ದರು. ಚಡಚಣದ ಜೀಪು ಬಂತು, ಇಂಡಿಯಿಂದ ಲಿಂಬೆಯ ವ್ಯಾಪಾರಿಗಳು ಬಂದರು. ಬಂದವರಿಗೆಲ್ಲ ಕಲ್ಮೇಶ ತನ್ನ ನಾಲ್ಕು ತಾಲೂಕಿನ ಮಾತನ್ನು ಸುಪಾರಿ ಕೊಡುವ ಹಾಗೆ ಕೊಡುತ್ತ ತಿರುಗಿದ. ಲೇಔಟಿನವರು ಬಿಸಿಲಿನಲ್ಲಿ ಹೊರಗೆ ನಿಂತಿದ್ದರು. ತಮ್ಮ ಉದ್ಯಾನ ತಮ್ಮ ಕಣ್ಣೆದುರೇ ಮಾರಾಟವಾಗುವಾಗಲೂ ಕರೆಯದೇ ಒಳಗೆ ಹೋಗುವುದು ಚಂದವಲ್ಲ ಎನ್ನುವಷ್ಟು ಸಭ್ಯರು! ಇಂಥ ಸಭ್ಯತೆಗೆ ಏನನ್ನಬೇಕೋ. ಭಾಗೀರಥೀಬಾಯಿ ಬೇಲಿಯ ಹತ್ತಿರ ಸೈಟಿನ ಕಲ್ಲಿನ ಮೇಲೆಯೇ ಕುಳಿತಿದ್ದರು. ಅವರ ಪಕ್ಕದಲ್ಲಿ ಗುಲಾಬಿ ಬಟ್ಟೆಯ ತರನ್ನುಮ.

"ಹಚ್ಚೋ ಅಯೂಬಾ," ಎಂದ ಕಲ್ಮೇಶ.

ಅಯೂಬನ ಬೆರಳು ಗುಂಡಿಯ ಮೇಲೆ ಬಂದು ನಿಂತಿತು. ಅವನು ಬೇವಿನ ಕಡೆಗೆ ನೋಡಿದ. ಮಗಳು ತಲೆ ಬಗ್ಗಿಸಿರಲಿಲ್ಲ. ಕೂಸಿದ್ದಾಗ ಕಣ್ಣು ಬಿಟ್ಟು ನೋಡಿದ ಹಾಗೆಯೇ ನೋಡುತ್ತಿದ್ದಳು. ಅವನು ಒತ್ತಿದ. ಎರಡೂ ಭೋಂಗಾ ಬಾಯಿ ಬಿಟ್ಟವು.

"...ನಡುವಿನ ಬಯಲು ಉದ್ಯಾನಕ್ಕೇ ಮೀಸಲು. ಇಲ್ಲಿ ಎಂದೆಂದಿಗೂ ಮನೆ ಏಳುವುದಿಲ್ಲ. ಇದು ಕಲ್ಮೇಶ ಸಾಹುಕಾರರು ಕೊಟ್ಟ ಮಾತು."

ಪೆಂಡಾಲಿನಲ್ಲಿ ಎಂಥ ಮೌನ ಬಿತ್ತೆಂದರೆ, ನಂದನವನದ ನಲ್ಲಿಗಳು ಕೂಡ ಶಿಳ್ಳೆ ನಿಲ್ಲಿಸಿದವು. ದ್ರಾಕ್ಷಿಯವರಲ್ಲಿ ಹಿರಿಯನೊಬ್ಬ ತನ್ನ ಕುರ್ಚಿಯ ಕೆಳಗಿನ ಸುಣ್ಣದ ಗೆರೆಯನ್ನು ಬಗ್ಗಿ ನೋಡಿ, ನಾವು ಕುಳಿತದ್ದು ಅದೇ ಬಯಲೋ ಹೇಗೆ ಎಂದು ಪಕ್ಕದವನನ್ನು ಕೇಳಿದ. ಕಲ್ಮೇಶ ಓಡಿಬಂದು ವೈರು ಕಿತ್ತ. ನಗುತ್ತ ಕೈಮುಗಿದು, ಇದು ಹಳೆಯದು, ತಪ್ಪಿ ಬಂದದ್ದು, ಪುಣೆಯಲ್ಲಿ ಕುಳಿತ ಯಾರೋ ಹುಡುಗಿಗೆ ನಮ್ಮ ಸಿಂದಗಿಯ ಬಯಲು ಏನು ಗೊತ್ತು, ಕೂಲಿಗೆ ಮಾತಾಡುವವಳ ಮಾತು ಯಾರು ನಂಬುತ್ತಾರೆ ಎಂದೆಲ್ಲ ಸಮಜಾಯಿಷಿ ಕೊಡತೊಡಗಿದ.

ಆಗ ಬೇವಿನ ಕಡೆಯಿಂದ ಅದೇ ಧ್ವನಿ ಮತ್ತೆ ಬಂತು. ಭೋಂಗಾ ಇಲ್ಲ, ವೈರು ಇಲ್ಲ, ಕೌದಿ ಇಲ್ಲ.

"ನಡುವಿನ ಬಯಲು ಉದ್ಯಾನಕ್ಕೇ ಮೀಸಲು. ಇಲ್ಲಿ ಎಂದೆಂದಿಗೂ ಮನೆ ಏಳುವುದಿಲ್ಲ."

ಕುರ್ಚಿಗಳೆಲ್ಲ ತಿರುಗಿದವು. ತರನ್ನುಮಳ ಮುಖ ಬಟ್ಟೆಗಿಂತ ಗುಲಾಬಿಯಾಗಿತ್ತು. ಅಷ್ಟು ಕಣ್ಣುಗಳನ್ನು ಒಟ್ಟಿಗೆ ಅವಳು ಕನಸಿನಲ್ಲೂ ಕಂಡವಳಲ್ಲ. ಅವಳು ಅವರನ್ನೆಲ್ಲ ಬಿಟ್ಟು ಕಲ್ಲಿನ ಮೇಲೆ ಕುಳಿತವರ ಕಡೆ ಮಾತ್ರ ನೋಡಿ ಹೇಳಿದಳು.

"ಅಜ್ಜಿ, ಅಕಿ ನಾನ್ರಿ. ಹೇಳೂಮುಂದ ನನಗ ಗೊತ್ತಿರಲಿಲ್ಲ. ಈಗ ಗೊತ್ತೈತಿ."

ಭಾಗೀರಥೀಬಾಯಿ ಅವಳ ಕೈ ಹಿಡಿದು ಎದ್ದು ನಿಂತರು. ಅವರು ಎದ್ದದ್ದನ್ನು ನೋಡಿ ಹೊರಗೆ ನಿಂತಿದ್ದ ಲೇಔಟಿನವರಿಗೆ ಕಾಲುಗಳು ನೆನಪಾದವು. ಒಬ್ಬೊಬ್ಬರಾಗಿ ಪೆಂಡಾಲಿನೊಳಗೆ ಬಂದರು. ಒಬ್ಬ ಒಂದು ಕಲ್ಲು ಅಲುಗಿಸಿದ, ಇನ್ನೊಬ್ಬ ಅದನ್ನು ಕಿತ್ತು ಮಗ್ಗುಲಿಗೆ ಮಲಗಿಸಿದ. ಚಡಚಣದ ಹಿರಿಯ ಚಪ್ಪಲಿ ಹುಡುಕತೊಡಗಿದ. ಕೊಟ್ಟ ಮಾತನ್ನೇ ಕಿತ್ತು ಮಾರುವವನು ನಾಳೆ ನಮ್ಮ ಸೈಟನ್ನೂ ಮಾರಿಯಾನು ಎಂದು ಜೊತೆಯವರಿಗೆ ಮರಾಠಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಜೀಪು ಶುರುವಾಯಿತು. ಬಿಳಿಯ ಅಂಗಿ ತೊಟ್ಟ ಕುರ್ಚಿಗಳು ಮಾತ್ರ ಮರ್ಯಾದೆಯ ನೆಂಟರಂತೆ ಕುಳಿತೇ ಉಳಿದವು.

ಕಲ್ಮೇಶನ ನಗು ಹೋಗಿ ನಿಜವಾದ ಮುಖ ಬಂತು. ಅವನು ತರನ್ನುಮಳನ್ನು ನೋಡದೆ, ಅವಳು ಒಂದು ಸಾಮಾನು ಎಂಬಂತೆ, ಅವಳ ಅಪ್ಪನಿಗೆ ಹೇಳಿದ.

"ಅಯೂಬಾ, ಆಗಿದ್ದ ಆತು. ನಾಳೆ ಮುಂಜಾನಿ ನಿನ್ನ ಮಗಳು ಇದ ಧ್ವನಿಲೆ ಹೊಸಾದು ಹೇಳಬೇಕು. ತಪ್ಪಾಗಿತ್ತು ಅನ್ನಬೇಕು. ನಿನ್ನ ಆಟೋ ಈ ಊರಾಗ ಓಡಬೇಕಲ್ಲ?"

ಅಯೂಬ ಬಾಯಿ ತೆರೆದ.

"ಇಲ್ರಿ," ಎಂದಳು ತರನ್ನುಮ.

ಕಲ್ಮೇಶ ಈಗ ಅವಳ ಕಡೆ ತಿರುಗಿದ. ಬಿಟ್ಟುಹೋಗುತ್ತಿದ್ದ ಜನರಿಗೂ ಕೇಳಲೆಂದು ಧ್ವನಿ ಏರಿಸಿದ.

"ಏ ತಂಗಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಕ್ ತಾಲೂಕಿನಾಗ ಕಲ್ಮೇಶಗ 'ಇಲ್ಲ' ಅನ್ನಾವ್ರು ಇನ್ನಾ ಹುಟ್ಟಿಲ್ಲ."

"ಹುಟ್ಟೇನ್ರಿ ಕಾಕಾ," ಎಂದಳು ತರನ್ನುಮ. "ಮುದ್ದೇಬಿಹಾಳದಾಗ."